ಟೊಮೆಟೊ ಸಸಿ ಹಚ್ಚುವ ಮೊದಲು ಮೀನಿನ ಆಹಾರ ತೂಗಿ

ಮಾನ್ಯ ಸಂಪಾದಕರೆ,

ಟೊಮೆಟೊ ದರ ಕಿಲೋಗೆ ನೂರು ರೂಪಾಯಿ ದಾಟಿದಾಗಲೆಲ್ಲ ಹಿತ್ತಲಲ್ಲಿ, ಮಾಳಿಗೆ ಮೇಲೆ ಕಾಯಿಪಲ್ಲೆ ಬೆಳೆಯುವ ಮಾತು ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಜೋರಾಗುತ್ತದೆ. 2023ರ ಜುಲೈ ತಿಂಗಳು ಯಾರೂ ಮರೆತಿಲ್ಲ. ಈಚೆಗೆ ಆ ಮಾತಿನೊಳಗೆ ಅಕ್ವಾಪೋನಿಕ್ಸ್ ಎಂಬ ಹೆಸರೂ ಸೇರಿಕೊಂಡಿದೆ. ಟಾಕಿಯಲ್ಲಿ ಮೀನು, ಪಕ್ಕದ ತೊಟ್ಟಿಯಲ್ಲಿ ಮಣ್ಣಿನ ಬದಲು ಖಡಿ, ಖಡಿಯಲ್ಲಿ ಗಿಡ, ಎರಡಕ್ಕೂ ಸುತ್ತಿ ಸುತ್ತಿ ಬರುವ ಅದೇ ನೀರು. ಪದ್ಧತಿ ಒಳ್ಳೆಯದೇ. ಆದರೆ ಹೊಸಬರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಒಂದು ರವಿವಾರ ಟಾಕಿ, ಪಂಪು, ಮೀನು, ನರ್ಸರಿಯ ಟೊಮೆಟೊ ಸಸಿ ಎಲ್ಲವೂ ಕೂಡಿಯೇ ಮನೆಗೆ ಬರುತ್ತವೆ. ಹತ್ತು-ಹನ್ನೆರಡು ದಿನಕ್ಕೆ ಮೀನು ಒಂದೊಂದಾಗಿ ತೇಲತೊಡಗುತ್ತವೆ. ಮೀನು ಉಳಿದರೂ ತಿಂಗಳೊಪ್ಪತ್ತಿನಲ್ಲಿ ಟೊಮೆಟೊ ಎಲೆ ಬೆಳ್ಳಗಾಗಿ ಗಿಡ ಇದ್ದಲ್ಲೇ ಇರುತ್ತದೆ. ಇವೆರಡೂ ತಪ್ಪಿಸಬಹುದಾದ ನಷ್ಟಗಳು. ಅದಕ್ಕೆ ಬೇಕಾದ ಅಳತೆ, ಲೆಕ್ಕ ಜನರಿಗೆ ಸಿಗಲಿ ಎಂದು ಈ ಪತ್ರ.

ಮೀನು ಸಾಯುವುದೇಕೆ? ಮೀನಿನ ಕಿವಿರು ಮತ್ತು ಮಲದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಬೇಕಾದ ಗೊಬ್ಬರ ಈ ನೈಟ್ರೇಟು. ಈ ಬ್ಯಾಕ್ಟೀರಿಯಾಗಳು ಖಡಿಯ ಮೈಗೆ ಅಂಟಿಕೊಂಡು ಬೆಳೆಯಲು 4ರಿಂದ 6 ವಾರ ಬೇಕು. ಹೊಸ ಟಾಕಿಯಲ್ಲಿ ಅವು ಇರುವುದೇ ಇಲ್ಲ. ಆದ್ದರಿಂದ ಮೊದಲ ಆರು ವಾರ ಟಾಕಿಯಲ್ಲಿ ಮೀನು ಇರಬಾರದು, ಬ್ಯಾಕ್ಟೀರಿಯಾಕ್ಕೆ ಊಟ ಮಾತ್ರ ಇರಬೇಕು. 500 ಲೀಟರ್ ನೀರಿಗೆ 4 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಸಾರಜನಕ ಸಿಗುತ್ತದೆ. ಇದು ಕಲಾಯಿ ಹಾಕುವವರು ಬಳಸುವ ನವಸಾಗರವೇ ಹೌದು. ಆದರೆ ಕಲಾಯಿಯ ಹೆಂಟೆಯಲ್ಲಿ ಬೇರೆ ಏನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಶುದ್ಧ ಪುಡಿಯನ್ನೇ ತನ್ನಿ.

ಇಲ್ಲೊಂದು ಎಚ್ಚರಿಕೆ ಬೇಕು. ಮನೆಯಲ್ಲಿ ಯೂರಿಯಾ ಇದೆ, ಅದನ್ನೇ ಒಂದು ಚಿಟಿಕೆ ಹಾಕೋಣ ಎಂದು ಹಲವರಿಗೆ ಅನಿಸುತ್ತದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯವಾಗಿದೆ. ಹೊಲದಲ್ಲಿ ಸಾರಜನಕ ಬೇಗ ನೈಟ್ರೇಟ್ ಆಗಿ ಹರಿದುಹೋಗದಿರಲಿ ಎಂದು ಆ ಲೇಪನ ಈ ಬ್ಯಾಕ್ಟೀರಿಯಾಗಳ ಕೆಲಸವನ್ನೇ ನಿಧಾನ ಮಾಡುತ್ತದೆ. ಹೊಲಕ್ಕೆ ಅದು ಲಾಭ. ಟಾಕಿಯಲ್ಲಿ ನಾವು ಬೆಳೆಸಬೇಕಾದ ಜೀವಿಗೆ ಅದೇ ತಡೆ.

ಅಕ್ವೇರಿಯಂ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬ ಅಳತೆ) ನಾಲ್ಕೂ ಬೇಕು. ದಿನ ಬಿಟ್ಟು ದಿನ ನೋಡಿ ಬರೆದಿಡಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಬಳಿಕ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಅಮೋನಿಯಾ ಸೊನ್ನೆಗೆ ಇಳಿದಾಗೊಮ್ಮೆ ಮತ್ತೆ 4 ಗ್ರಾಂ ಹಾಕುತ್ತ ಹೋಗಿ. ಇಂದು ಹಾಕಿದ 4 ಗ್ರಾಂ ನಾಳೆ ಅದೇ ಹೊತ್ತಿಗೆ ಪೂರ್ತಿ ಖರ್ಚಾಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ಟಾಕಿ ಮೀನಿಗೆ ತಯಾರಾಯಿತು. ಪರಿಚಯದವರ ಹಳೆಯ ಅಕ್ವೇರಿಯಂ ಫಿಲ್ಟರಿನ ಸ್ಪಂಜನ್ನು ಈ ನೀರಿನಲ್ಲಿ ಹಿಂಡಿದರೆ ಕೆಲಸ ಒಂದೆರಡು ವಾರ ಬೇಗ ಮುಗಿಯಬಹುದು.

ಇನ್ನು ಭಾರ. ಜನ ಓಡಾಡುವ ಮಾಳಿಗೆಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಯ ಲೆಕ್ಕದಲ್ಲಿ ಕಟ್ಟಿರುತ್ತಾರೆ. 30 ಸೆಂಟಿಮೀಟರ್ ಆಳ ಖಡಿ ತುಂಬಿ ನೀರು ಬಿಟ್ಟ ತೊಟ್ಟಿ ಚದರ ಮೀಟರಿಗೆ 600 ಕಿಲೋ ತೂಗುತ್ತದೆ. ತುಂಬಿದ 500 ಲೀಟರ್ ಟಾಕಿಯ ಬುಡದ ಒತ್ತಡ ಅದಕ್ಕಿಂತಲೂ ಜಾಸ್ತಿ. ಎಂಜಿನಿಯರನ್ನು ಕೇಳದೆ ಇದನ್ನು ಮಾಳಿಗೆಗೆ ಏರಿಸಬೇಡಿ. ಹಿತ್ತಲೇ ಸರಿಯಾದ ಜಾಗ. 500 ಲೀಟರಿನ ಟಾಕಿಯನ್ನು ಎರಡು ಅಡಿ ನೆಲದಲ್ಲಿ ಹುಗಿದರೆ ಏಪ್ರಿಲ್ ಬಿಸಿಲಿಗೂ ಡಿಸೆಂಬರ್ ಚಳಿಗೂ ನೀರು ಅಷ್ಟಾಗಿ ಏರಿಳಿಯುವುದಿಲ್ಲ. ನವಲಗುಂದ, ಗದಗ ಕಡೆಯ ಎರಿ ನೆಲವಾದರೆ ಟಾಕಿಯ ಸುತ್ತ ಗೇಣಗಲ ಮರಳು ಅಥವಾ ಗರಸು ತುಂಬಲೇಬೇಕು. ಎರಿ ಮಣ್ಣು ಮಳೆಗೆ ಉಬ್ಬಿ ಟಾಕಿಯ ಪಕ್ಕೆ ಒತ್ತುತ್ತದೆ, ಬೇಸಿಗೆಯಲ್ಲಿ ಬಿರಿದು ಆಸರೆ ತಪ್ಪಿಸುತ್ತದೆ. ಮಕ್ಕಳಿರುವ ಮನೆಯಲ್ಲಿ ಟಾಕಿಗೆ ಗಟ್ಟಿ ಜಾಳಿಗೆಯ ಮುಚ್ಚಳ ಇರಲಿ.

ತೊಟ್ಟಿಗೆ 200 ಲೀಟರಿನ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿದ ಹೋಳು ಸಾಕು. ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ ತಿಳಿದೇ ಕೊಳ್ಳಿ. ತಿನ್ನುವ ಪದಾರ್ಥವಿದ್ದ ಡ್ರಮ್ಮು ಮಾತ್ರ ಬರುತ್ತದೆ. ಒಂದು ಹೋಳಿಗೆ ಎರಡು ಟೊಮೆಟೊ ಗಿಡ, ಮೂರು ಹೋಳಿಗೆ ಆರು. ಹೊಸಬರಿಗೆ ಇಷ್ಟೇ ಹೆಚ್ಚು. ಖಡಿ ತುಂಬಿದ ಮೇಲೆ ಹೋಳಿನ ಬಾಯಿ ಅಗಲವಾಗುತ್ತದೆ, ಆದ್ದರಿಂದ ಎರಡೂ ಬದಿಗೆ ಕಟ್ಟಿಗೆಯ ಚೌಕಟ್ಟು ಕೊಟ್ಟು ಸಿಮೆಂಟ್ ಬ್ಲಾಕಿನ ಮೇಲೆ, ಟಾಕಿಯ ಬಾಯಿಗಿಂತ ಎತ್ತರದಲ್ಲಿ ಕೂಡಿಸಿ. 20 ಮಿಲಿಮೀಟರ್ ಖಡಿಯನ್ನು ತಿಳಿ ನೀರು ಬರುವ ತನಕ ತೊಳೆಯಿರಿ. ತರುವ ಮೊದಲು ನಾಲ್ಕು ಕಲ್ಲಿನ ಮೇಲೆ ವಿನೆಗರ್ ಬಿಟ್ಟು ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ವರ್ಷಗಟ್ಟಲೆ ಅದು ಪಿಎಚ್ ಇಳಿಯಲು ಬಿಡುವುದಿಲ್ಲ.

ನೀರು ತುಂಬಿ ಬರಿದಾಗಲು ಬೆಲ್ ಸೈಫನ್ (ತೊಟ್ಟಿ ತುಂಬಿದಾಗ ತಾನೇ ನೀರು ಎಳೆದು ಬರಿದು ಮಾಡುವ ಪೈಪಿನ ಜೋಡಣೆ) ಕೂಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಹೊಸಬರು ಅದರ ಹಟ ಬಿಡುವುದು ಒಳ್ಳೆಯದು. ನೀರಿನ ಹರಿವು ಕಡಿಮೆಯಾದರೆ ಸೈಫನ್ ಶುರುವಾಗುವುದಿಲ್ಲ, ಹೆಚ್ಚಾದರೆ ನಿಲ್ಲುವುದಿಲ್ಲ, ಮೂರು ತೊಟ್ಟಿಗೆ ಮೂರು ಸೈಫನ್ ಹೊಂದಿಸುವಷ್ಟರಲ್ಲಿ ಹಂಗಾಮೇ ಮುಗಿಯುತ್ತದೆ. ತೊಟ್ಟಿಯ ತಳಕ್ಕೆ ಟ್ಯಾಂಕ್ ನಿಪ್ಪಲ್ ಹಾಕಿ, ಅದರಲ್ಲಿ ಒಂದಿಂಚಿನ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ. ಪೈಪಿನ ತುದಿ ಖಡಿಯ ಮೇಲ್ಮೈಗಿಂತ 5 ಸೆಂಟಿಮೀಟರ್ ಕೆಳಗಿರಲಿ. ಪೈಪಿನ ಬುಡದಲ್ಲಿ 6 ಮಿಲಿಮೀಟರಿನ ಒಂದು ತೂತು ಕೊರೆಯಿರಿ. 40 ವ್ಯಾಟಿನ ಮುಳುಗು ಪಂಪನ್ನು 15 ನಿಮಿಷಕ್ಕೊಂದು ಹಲ್ಲಿರುವ ಮೆಕ್ಯಾನಿಕಲ್ ಟೈಮರಿಗೆ ಜೋಡಿಸಿ, ಗಂಟೆಗೆ 15 ನಿಮಿಷ ಓಡುವಂತೆ ಇಡಿ. ಪಂಪು ಓಡುವಾಗ ತೊಟ್ಟಿ ತುಂಬಿ ಹೆಚ್ಚಿನ ನೀರು ಪೈಪಿನ ಬಾಯಿಂದ ಟಾಕಿಗೆ ಬೀಳುತ್ತದೆ, ನಿಂತಾಗ ಬುಡದ ತೂತಿನಿಂದ ಅರ್ಧ ತಾಸಿನಲ್ಲಿ ಬಸಿದು ಬೇರಿಗೆ ಗಾಳಿ ಸಿಗುತ್ತದೆ. ಕೆಡುವುದೆಂದರೆ ಆ ತೂತು ಒಂದೇ. ಬೇರಿನ ಎಳೆಯೋ ಮೀನಿನ ಕಸವೋ ಸಿಕ್ಕಿಕೊಂಡರೆ ತೊಟ್ಟಿ ಬಸಿಯುವುದೇ ಇಲ್ಲ, ಎರಡು ದಿನದಲ್ಲಿ ಕೊಳೆತ ವಾಸನೆ ಬರುತ್ತದೆ. ಅದಕ್ಕೇ ನಿಂತ ಪೈಪಿನ ಸುತ್ತ ಗೀರು ಕೊಯ್ದ ನಾಲ್ಕಿಂಚಿನ ಪೈಪೊಂದನ್ನು ಖಡಿ ತುಂಬುವ ಮೊದಲೇ ಇಟ್ಟಿರಬೇಕು. ಒಳಗೆ ಕೈ ಹಾಕಿ ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಷ್‌ನಿಂದ ತೂತು ಉಜ್ಜಬಹುದು. ಎಲ್ಲಿಯೂ ಹಿತ್ತಾಳೆ, ತಾಮ್ರ, ಜಿಐ (ಸತು ಲೇಪಿಸಿದ ಕಬ್ಬಿಣ) ಸಾಮಾನು ಬೇಡ. ತಾಮ್ರ, ಸತು ನೀರಿಗೆ ಬಿಟ್ಟರೆ ಮೀನು ಉಳಿಯುವುದಿಲ್ಲ.

ಇದಲ್ಲದೆ 5 ವ್ಯಾಟಿನ ಗಾಳಿ ಪಂಪು ಹಗಲು-ರಾತ್ರಿ ಓಡುತ್ತಿರಬೇಕು. ಎರಡೂ ಸೇರಿ ತಿಂಗಳಿಗೆ ಸುಮಾರು 11 ಯುನಿಟ್ ಕರೆಂಟು. ಕರೆಂಟು ಹೋದರೆ ಗಿಡ ಅರ್ಧ ದಿನ ತಾಳುತ್ತದೆ, ಮೀನು ತಾಳುವುದಿಲ್ಲ. ಗಾಳಿ ಪಂಪನ್ನಾದರೂ ಇನ್ವರ್ಟರಿಗೆ ಹಾಕಿ, ಇಲ್ಲವೆ ಬ್ಯಾಟರಿಯ ಗಾಳಿ ಪಂಪೊಂದನ್ನು ಇಟ್ಟುಕೊಳ್ಳಿ.

ನೀರಿನ ಮಾತು ನಮ್ಮ ಊರುಗಳಿಗೆ ಬಹಳ ಮುಖ್ಯ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿಗೂ ಬ್ಯಾಕ್ಟೀರಿಯಾಕ್ಕೂ ಮಾರಕ. ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿ ಪಂಪು ಬಿಟ್ಟು ಎರಡು ದಿನ ಇಟ್ಟ ನೀರನ್ನೇ ಟಾಕಿಗೆ ಹಾಕಿ. ಬೇಸಿಗೆಯಲ್ಲಿ ಕಾಯಿ ಹಿಡಿದ ಒಂದು ದೊಡ್ಡ ಗಿಡ ದಿನಕ್ಕೆ ಎರಡು ಲೀಟರಿನವರೆಗೂ ಕುಡಿಯುತ್ತದೆ. ಆರು ಗಿಡಕ್ಕೆ 12 ಲೀಟರು. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ 60 ಲೀಟರಾದರೂ ಹೀಗೆ ಇಟ್ಟ ನೀರು ಕಾಯ್ದಿರಬೇಕು. ಆ ಡ್ರಮ್ಮಿಗೆ ಸೊಳ್ಳೆ ಪರದೆ ಕಟ್ಟಿ. ಟಾಕಿಯ ಮೀನು ಸೊಳ್ಳೆ ಮರಿ ತಿನ್ನುತ್ತವೆ, ಡ್ರಮ್ಮಿನಲ್ಲಿ ತಿನ್ನುವವರಿಲ್ಲ.

ಬೋರಿನ ನೀರು ಹೆಚ್ಚು ಕಡೆ ಗಡಸು, ಪಿಎಚ್ 8ರ ಹತ್ತಿರ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಅಮೋನಿಯಾ ಮೀನಿಗೆ ಸುಮಾರು ಹತ್ತು ಪಟ್ಟು ಹೆಚ್ಚು ವಿಷವಾಗುತ್ತದೆ, ಗಿಡಕ್ಕೆ ಕಬ್ಬಿಣವೂ ಸಿಗುವುದಿಲ್ಲ. ನಿಮ್ಮ ಟಾಕಿಯ ಪಿಎಚ್ 6.5ರಿಂದ 7ರ ನಡುವೆ ಇರಬೇಕು. ನಿಂಬೆರಸ, ವಿನೆಗರ್ ಹಾಕಿ ಇಳಿಸಿದರೆ ಎರಡು ದಿನಕ್ಕೆ ಮತ್ತೆ ಏರುತ್ತದೆ, ನಿಂಬೆಯ ಆಮ್ಲ ಬ್ಯಾಕ್ಟೀರಿಯಾಕ್ಕೂ ಒಳ್ಳೆಯದಲ್ಲ. ಇದಕ್ಕೆ ಮದ್ದು ಮಳೆ ನೀರು. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರು. ಒಂದು ಒಳ್ಳೆಯ ಮಳೆಗೆ ಟಾಕಿ ಎರಡು ಸಲ ತುಂಬುತ್ತದೆ. ಮೊದಲ ಮಳೆಯ ಕೊಳೆ ನೀರು ಹೋಗಲಿ, ಆಮೇಲಿನದನ್ನು ಹಿಡಿದು ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸಿ.

ಈ ಕಾರಣಕ್ಕೇ ಕೆಲಸ ಶುರು ಮಾಡಲು ಜೂನ್ ತಿಂಗಳು ಸೂಕ್ತ. ಜೂನಿನಲ್ಲಿ ಮಳೆ ನೀರು ತುಂಬಿ ಬ್ಯಾಕ್ಟೀರಿಯಾ ಬೆಳೆಸಿ. ಜುಲೈ ಕೊನೆಗೆ ಮೀನು. ಆಗಸ್ಟಿನಿಂದ ಅಕ್ಟೋಬರಿನ ತನಕ ಪಾಲಕ್, ಮೆಂತ್ಯೆ, ಪುದೀನ. ಟೊಮೆಟೊ ಸಸಿ ಹಚ್ಚುವುದು ನವೆಂಬರಿನಲ್ಲಿ. ಇಷ್ಟು ತಡ ಏಕೆಂದು ಕೇಳುವವರಿಗೆ ಉತ್ತರ ಅಡುಗೆಮನೆಯ ತಕ್ಕಡಿಯಲ್ಲಿದೆ.

ಈ ಪದ್ಧತಿಯಲ್ಲಿ ಗಿಡದ ಗೊಬ್ಬರವೆಲ್ಲ ಮೀನು ತಿಂದ ಆಹಾರದಿಂದ ಬರಬೇಕು. ಕಾಯಿ ಬಿಡುವ ಗಿಡಗಳಿಗೆ ತೊಟ್ಟಿಯ ಒಂದು ಚದರ ಮೀಟರಿಗೆ ದಿನಕ್ಕೆ 50ರಿಂದ 80 ಗ್ರಾಂ ಆಹಾರ ಬೇಕು, ಅಷ್ಟು ಜಾಗದಲ್ಲಿ ನಾಲ್ಕು ಟೊಮೆಟೊ ನಿಲ್ಲುತ್ತವೆ. ಅಂದರೆ ಒಂದು ಗಿಡಕ್ಕೆ ದಿನಕ್ಕೆ ಹೆಚ್ಚುಕಡಿಮೆ 15 ಗ್ರಾಂ. ಈಗ ಜುಲೈಯಲ್ಲಿ ಬಿಟ್ಟ 25 ಮೀನುಮರಿಗಳ ಲೆಕ್ಕ ನೋಡಿ. ಒಂದೊಂದು 10 ಗ್ರಾಂ ಇದ್ದರೆ ಒಟ್ಟು 250 ಗ್ರಾಂ ಮೀನು. ಮರಿ ತನ್ನ ತೂಕದ ನೂರಕ್ಕೆ 5ರಷ್ಟು ತಿನ್ನುತ್ತದೆ ಎಂದರೂ ದಿನಕ್ಕೆ 12 ಗ್ರಾಂ ಚಿಲ್ಲರೆ. ಒಂದು ಟೊಮೆಟೊ ಗಿಡಕ್ಕೂ ಪೂರ್ತಿ ಸಾಲದು. ಅಲ್ಲಿ ಆರು ಸಸಿ ಹಚ್ಚಿದವರು ಆರನ್ನೂ ಉಪವಾಸ ಕೆಡವುತ್ತಾರೆ. ಅದೇ ಮೀನು ಸರಾಸರಿ 150 ಗ್ರಾಂ ಆದಾಗ ಒಟ್ಟು ತೂಕ ಪೌಣೆ ನಾಲ್ಕು ಕಿಲೋ, ನೂರಕ್ಕೆ 2ರಿಂದ 2.5ರಂತೆ ತಿಂದರೂ ದಿನಕ್ಕೆ 75ರಿಂದ 94 ಗ್ರಾಂ. ಆಗ ಐದಾರು ಗಿಡ ನಿಲ್ಲುತ್ತವೆ. 28ರಿಂದ 32 ಶೇಕಡಾ ಪ್ರೋಟೀನಿನ ತೇಲುವ ಆಹಾರ ತಂದು, ದಿನದ ಪಾಲನ್ನು ತೂಗಿ ಡಬ್ಬಿಗೆ ಹಾಕಿ, ಎರಡು ಮೂರು ಸಲ ಕೊಡಿ. ಹತ್ತು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಜಾಳಿಗೆಯಿಂದ ತೆಗೆಯಿರಿ. ಒಂದು ವಾರ ಸತತ ದಿನಕ್ಕೆ ಎಷ್ಟು ಗ್ರಾಂ ತಿಂದವು ಎಂಬುದನ್ನು 15ರಿಂದ ಭಾಗಿಸಿದರೆ ಎಷ್ಟು ಟೊಮೆಟೊ ಹಚ್ಚಬಹುದು ಎಂಬುದು ತಾನೇ ಗೊತ್ತಾಗುತ್ತದೆ.

ಮೀನು ಯಾವುದು? ತಿನ್ನುವವರಿಗೆ ಸಾಮಾನ್ಯ ಗೆಂಡೆ ಗಟ್ಟಿ ಜಾತಿ. ತಿಲಾಪಿಯಾ ಸಾಕಲು ಅನುಮತಿ ಬೇಕು, ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮಲ್ಲಿ ನಿಷಿದ್ಧ. ಮೀನು ತಿನ್ನದ ಮನೆಗಳು ನಮ್ಮ ಕಡೆ ಬಹಳ, ಅವರು ಕೋಯಿ ಅಥವಾ ಗೋಲ್ಡ್‌ಫಿಶ್ ಸಾಕಬಹುದು. ತಿನ್ನುವ ಆಹಾರದ ತೂಕ ಅಷ್ಟೇ ಇದ್ದರೆ ಟೊಮೆಟೊಕ್ಕೆ ವ್ಯತ್ಯಾಸವೇನೂ ಆಗದು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಾಳಿ ಸಾಲದು. ಗಾಳಿ ಸಾಕಷ್ಟಿದ್ದೂ ಹಾಗೇ ಮಾಡಿ ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಏರಿದೆ. ಎರಡರಲ್ಲೂ ಆಹಾರ ನಿಲ್ಲಿಸಿ, ಮೂರನೇ ಒಂದು ಪಾಲು ನೀರು ಬದಲಿಸಿ. ಖಡಿಯನ್ನು ಮಾತ್ರ ನಳದ ನೀರಿನಿಂದ ತೊಳೆಯಬೇಡಿ, ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಒಂದೇ ದಿನಕ್ಕೆ ಹೋಗುತ್ತವೆ.

ಟೊಮೆಟೊ ಸಸಿಯನ್ನು ಮನೆಯಲ್ಲೇ ಎಬ್ಬಿಸುವುದು ಸುರಕ್ಷಿತ. ನರ್ಸರಿಯ ಟ್ರೇಗಳಿಗೆ ಕೀಟನಾಶಕ ಹಾಕಿರುವುದುಂಟು, ಬೇರಿನ ಜೊತೆ ಅದು ಟಾಕಿಗೆ ಇಳಿಯುತ್ತದೆ. ಅಕ್ಟೋಬರ್ ಮೊದಲ ವಾರ ಕೋಕೋಪೀಟಿನಲ್ಲಿ ಬೀಜ ಊರಿದರೆ 25-30 ದಿನಕ್ಕೆ ಸಸಿ ತಯಾರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುಟುರು ವೈರಸ್, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆದುಕೊಳ್ಳುತ್ತದೆ. ಔಷಧಿ ಹೊಡೆಯಲಾಗದ ಈ ಪದ್ಧತಿಗೆ ಅದು ಹೇಳಿ ಮಾಡಿಸಿದಂತಿದೆ. ನವೆಂಬರಿನಲ್ಲಿ ಹಚ್ಚಿದರೆ ಹೂವು ಚಳಿಗಾಲದ ತಂಪು ರಾತ್ರಿಗಳಲ್ಲಿ ಬಿಟ್ಟು ಚೆನ್ನಾಗಿ ಕಾಯಿ ಕಟ್ಟುತ್ತದೆ. ಮಾರ್ಚ್ ದಾಟಿ 35 ಡಿಗ್ರಿ ಮೇಲಾದರೆ ಹೂವು ಉದುರುವುದೇ ಹೆಚ್ಚು. ಮೇಲೆ ಅಡ್ಡ ಪೈಪು ಕಟ್ಟಿ ಹುರಿ ಇಳಿಬಿಟ್ಟು ಗಿಡಕ್ಕೆ ಆಸರೆ ಕೊಡಿ. ಕೀಟ ಬಾರದಂತೆ ಗಿಡದ ಸುತ್ತ ಕಟ್ಟುವ ಪರದೆಯೊಳಗೆ ಗಾಳಿ ಕಡಿಮೆ, ಆದ್ದರಿಂದ ಹೂವು ಬಿಟ್ಟಾಗ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.

ಮೀನಿನ ಆಹಾರದಲ್ಲಿ ಸಾರಜನಕ, ರಂಜಕ ಸಾಕಷ್ಟಿದ್ದು ಪೊಟ್ಯಾಷ್, ಕಬ್ಬಿಣ, ಸುಣ್ಣದ ಅಂಶ ಟೊಮೆಟೊಕ್ಕೆ ಸಾಲುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಗೊಬ್ಬರದ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಇಡಿಟಿಎ ಕಬ್ಬಿಣ ಪಿಎಚ್ 7ರ ಆಸುಪಾಸಿನಲ್ಲಿ ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. 6 ಶೇಕಡಾದ ಇಡಿಡಿಎಚ್‌ಎ ಎಂದೇ ಕೇಳಿ ತನ್ನಿ. 500 ಲೀಟರಿಗೆ 16-17 ಗ್ರಾಂ, ಮೂರು ವಾರಕ್ಕೊಮ್ಮೆ. ನೀರು ಕೆಂಪಗಾದರೆ ಗಾಬರಿ ಬೇಡ. ಹಳೆಯ ಎಲೆಯ ಅಂಚು ಸುಟ್ಟಂತಾಗಿ, ಹಣ್ಣು ಅಲ್ಲಲ್ಲಿ ಹಸಿರುಳಿದು ಪಕ್ವವಾದರೆ ಪೊಟ್ಯಾಷ್ ಬೇಕು. 0-0-50 ಪೊಟ್ಯಾಸಿಯಂ ಸಲ್ಫೇಟ್ 25 ಗ್ರಾಂ ಕರಗಿಸಿ ಹಾಕಿದರೆ ಲೀಟರಿಗೆ ಸುಮಾರು 20 ಮಿಲಿಗ್ರಾಂ ಪೊಟ್ಯಾಸಿಯಂ ಸೇರುತ್ತದೆ. ಹೂವು ಕಂಡಾಗಿನಿಂದ ಹದಿನೈದು ದಿನಕ್ಕೊಮ್ಮೆ ಕೊಡಿ. ಕಾಯಿಯ ಬುಡ ಕಪ್ಪಗೆ ಚಪ್ಪಟೆಯಾಗಿ ಕೊಳೆತರೆ ಕ್ಯಾಲ್ಸಿಯಂ ಮುಟ್ಟುತ್ತಿಲ್ಲ. ಮೊದಲು ತೊಟ್ಟಿ ಸರಿಯಾಗಿ ತುಂಬುತ್ತಿದೆಯೇ ನೋಡಿ, ಆಮೇಲೆ ಪಿಎಚ್ ನೋಡಿ. ಬ್ಯಾಕ್ಟೀರಿಯಾದ ಕೆಲಸದಿಂದಲೇ ತಿಂಗಳುಗಳಲ್ಲಿ ಪಿಎಚ್ ಇಳಿಯುತ್ತದೆ. 6.4ಕ್ಕೆ ಬಂದರೆ ಒಂದು ಸಲ ಸುಣ್ಣದ ತಿಳಿ, ಮುಂದಿನ ಸಲ ಪೊಟ್ಯಾಸಿಯಂ ಬೈಕಾರ್ಬೊನೇಟ್, ಹೀಗೆ ಪಾಳಿಯಲ್ಲಿ ಹಾಕಿ. ಒಂದು ದಿನಕ್ಕೆ 0.2ಕ್ಕಿಂತ ಹೆಚ್ಚು ಏರಿಸಬೇಡಿ. 19-19-19, ಡಿಎಪಿ ಯಾವುದೂ ಬೇಡ, ಅವುಗಳಲ್ಲಿ ಅಮೋನಿಯಾ ಇದೆ. ಜೀವಾಮೃತವೂ ಬೇಡ. ಹೊಲದಲ್ಲಿ ಅದರ ಗುಣ ಬೇರೆ. ಟಾಕಿಯಲ್ಲಿ ಹಸಿ ಸಗಣಿ ನೀರಿನ ಆಮ್ಲಜನಕ ತಿನ್ನುತ್ತದೆ, ರೋಗಾಣು ತರುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಬೆಳೆದವರಿಗೆ ಮುಟುರು ಹೊಸದಲ್ಲ. ಟೊಮೆಟೊದಲ್ಲಿ ಅದನ್ನು ತರುವುದು ಬಿಳಿ ನೊಣ. 40-50 ಮೆಶ್ ಪರದೆ, ಹಳದಿ ಅಂಟು ಹಾಳೆ ಇವೇ ಕಾವಲು. 2014ರಲ್ಲಿ ದೇಶಕ್ಕೆ ಕಾಲಿಟ್ಟ ಟೂಟಾ ಹುಳಕ್ಕೆ ಮೋಹಕ ಬಲೆ, ಎಲೆಯಲ್ಲಿ ಸುರಂಗ ಕಂಡ ಕೂಡಲೆ ಎಲೆ ಕಿತ್ತು ಸುಡುವುದು. ಹುಳಕ್ಕೆ ಬಿಟಿ (ಹುಳ ಕೊಲ್ಲುವ ಒಂದು ಬ್ಯಾಕ್ಟೀರಿಯಾದ) ಪುಡಿ ಹೊಡೆಯಬಹುದು, ಅದು ಮೀನಿಗೆ ತಾಗದು. ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್ ನಮ್ಮ ರೈತರ ಕೈಗೆ ಮೊದಲು ಬರುವ ಔಷಧಿ. ಎಲೆಯಿಂದ ಜಾರಿದ ನಾಲ್ಕು ಹನಿಯೇ ಟಾಕಿಗೆ ಅಪಾಯ. ಬೇವಿನೆಣ್ಣೆ, ಸಾಬೂನು ನೀರು ಕೂಡ ಟಾಕಿಗೆ ಬೀಳಬಾರದು.

ಇಷ್ಟೆಲ್ಲ ಮಾಡಿ ಟೊಮೆಟೊ ಅಗ್ಗವಾಗುತ್ತದೆಯೇ ಎಂದರೆ ಇಲ್ಲ, ಮೊದಲ ವರ್ಷವಂತೂ ಇಲ್ಲವೇ ಇಲ್ಲ. ನೀರು ಉಳಿತಾಯ, ಔಷಧಿಯಿಲ್ಲದ ಹಣ್ಣು, ಮಕ್ಕಳಿಗೆ ಕಣ್ಣೆದುರಿನ ವಿಜ್ಞಾನ ಇವು ಲಾಭ. ದುಡ್ಡಿನ ಆಸೆ ತೋರಿಸಿ ಕಿಟ್ ಮಾರುವವರ ಮಾತು ನಂಬಿ ಸಾಲ ಮಾಡಬೇಡಿ.

ನಮ್ಮ ಕಡೆ ಧಾರವಾಡದ ಸೈದಾಪುರ, ಗದಗದ ಹುಲಕೋಟಿ, ಹಾವೇರಿ ಜಿಲ್ಲೆಯ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮೇಲೆ ಹೇಳಿದಷ್ಟೇ ಚಿಕ್ಕದೊಂದು ಘಟಕವನ್ನು ಅಲ್ಲಿ ನಡೆಸಿ, ಪಕ್ಕದಲ್ಲಿ ತಕ್ಕಡಿಯನ್ನೂ ದಿನದ ಆಹಾರ ಮತ್ತು ನೀರಿನ ಪರೀಕ್ಷೆ ಬರೆದ ವಹಿಯನ್ನೂ ಜನರಿಗೆ ನೋಡಲು ಇಟ್ಟರೆ ದೊಡ್ಡ ಉಪಕಾರ. ಮೀನು ಮಾರುವ ಅಂಗಡಿಯವರಲ್ಲಿಯೂ ಒಂದು ವಿನಂತಿ. ಹೊಸ ಗಿರಾಕಿ ಮೀನು ಕೇಳಿದಾಗ, ಟಾಕಿಗೆ ನೀರು ತುಂಬಿ ಎಷ್ಟು ವಾರವಾಯಿತು ಎಂದು ವಿಚಾರಿಸಿ. ಇವತ್ತೇ ಎಂದರೆ ಮೀನು ಕೊಡದೆ ಅಮೋನಿಯಾ ಕಿಟ್ ಕೊಟ್ಟು ಕಳಿಸಿ.

ಇಂತಿ,
ಮನೆಯಂಗಳದಲ್ಲಿ ಕಾಯಿಪಲ್ಲೆ ಬೆಳೆಯುವ ಕೆಲವು ಓದುಗರು
ಧಾರವಾಡ